ಕಡಲಿಗೆ ಮುಖ ಮಾಡಿದ ಕೋಣೆ

ಊರಿನ ಅರ್ಧ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದವಳು ಅವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಸದಾ ಪಾದವಿಟ್ಟುಕೊಂಡು, "ಬ್ರೇಕ್! ಬ್ರೇಕ್!" ಎಂದು ಕಿರುಚಿ ಕಿರುಚಿ ಎಲ್ಲರ ಬಾಯಲ್ಲೂ ಬ್ರೇಕ್ ಮೇಡಂ ಆಗಿಹೋಗಿದ್ದಳು. ಅವಳ ಬಾಯಿಗೆ ಮಾತ್ರ ಬ್ರೇಕಿಲ್ಲ ಎನ್ನುವುದು ಮನೆಯವರ ದೂರು.

ಯಾರ ಮಾತಿಗೂ ಸುಲಭಕ್ಕೆ ಬೀಳದ ಇಂಥ ಹೆಂಗಸು ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಹೋಟೆಲೊಂದರ ತಣ್ಣನೆಯ ಹಾಲ್‌ನಲ್ಲಿ ಕೂತು ರಿಸಾರ್ಟ್ ಕ್ಲಬ್ಬಿನ ಸದಸ್ಯತ್ವಕ್ಕೆ ಸಹಿ ಹಾಕಿಬಂದಿದ್ದಳು. ನಿಮಗೆ ಬಹುಮಾನ ಬಂದಿದೆ ಎಂದು ಫೋನ್ ಬಂದಿತ್ತು. ಹೋಗಿ ನೋಡಿದರೆ ಗೋಡೆ ಗಡಿಯಾರ. ಗಂಡ ಫ್ರಿಜ್ ರಿಪೇರಿಯವನು, ಯಂತ್ರ ಬಿಟ್ಟರೆ ಬೇರೆ ಯಾವುದನ್ನೂ ನಂಬದ ಆಸಾಮಿ. ಗಡಿಯಾರ ಕಂಕುಳಲ್ಲಿಟ್ಟುಕೊಂಡು "ನಡಿ ಹೋಗೋಣ" ಎಂದು ಮೂರು ಸಲ ಎದ್ದು ನಿಂತಿದ್ದ. ಅವಳೇ ಅವನ ಅಂಗಿ ಹಿಡಿದು ಕೂರಿಸಿದ್ದಳು. ಯಾಕೆಂದರೆ ಎದುರಿಗೆ ಕೂತ ಟೈ ಕಟ್ಟಿದವನ ಬಾಯಿಂದ ಆಗಷ್ಟೇ 'ಸಮುದ್ರ' ಎಂಬ ಮಾತು ಬಂದಿತ್ತು.

"ವರ್ಷಕ್ಕೆ ಇಷ್ಟು ಪಾಯಿಂಟ್ಸ್ ಅಂತ ನಿಮ್ಮ ಖಾತೆಗೆ ಬೀಳುತ್ತೆ ಮೇಡಂ. ನಮ್ಮ ರಿಸಾರ್ಟುಗಳೆಲ್ಲ ಬೆಟ್ಟದ ಮೇಲಿವೆ, ನಿಜ. ಆದರೆ ಅಲ್ಲಿಗೇ ಬನ್ನಿ ಅಂತ ಯಾರು ಹೇಳಿದ್ರು? ಪಾಯಿಂಟ್ಸ್‌ನ ಎಕ್ಸ್‌ಚೇಂಜಿಗೆ ಹಾಕಿ, ಬೇರೆ ಯಾವ ಕಂಪನಿಯ ರಿಸಾರ್ಟಿಗಾದ್ರೂ ಹೋಗಿ ಒಂದು ವಾರ ಇರಿ. ಸಮುದ್ರ ಬೇಕಾ? ಹಾಸಿಗೆ ಮೇಲೆ ಮಲಗಿದ್ರೆ ಅಲೆ ಕಾಣಬೇಕು, ಅಂಥ ಕೋಣೆ."

ಅವಳಿಗೆ ತಕ್ಷಣ ನೆನಪಾದದ್ದು ಅಕ್ಕ. ಹತ್ತು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳು, ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರಾಗಿ ಮೂವತ್ತೊಂದು ವರ್ಷ ಗಾಜಿನ ಕೊಳವೆ ತೊಳೆದು ಬೆರಳುಗಳ ಚರ್ಮ ಸುಲಿಸಿಕೊಂಡವಳು. ಒಮ್ಮೆ ಪ್ರಾಯದಲ್ಲಿ ರೈಲಿನ ಕಿಟಕಿಯಿಂದ ಸಮುದ್ರ ನೋಡಿದ್ದಳಂತೆ. "ಎರಡೇ ನಿಮಿಷ ಕಣೆ, ಆಮೇಲೆ ಗುಡ್ಡ ಅಡ್ಡ ಬಂತು" ಎಂದು ಈಗಲೂ ಹೇಳುತ್ತಿದ್ದಳು, ಗುಡ್ಡದ ಮೇಲೇ ತಪ್ಪು ಹೊರಿಸುವವಳ ಹಾಗೆ.

ಸಹಿಯಂತೂ ಬಿತ್ತು. ಸಮುದ್ರ ಮಾತ್ರ ಬರಲಿಲ್ಲ. ಮೊದಲ ವರ್ಷ ಕೇಳಿದಾಗ ಎಲ್ಲ ಭರ್ತಿ. ಎರಡನೇ ವರ್ಷ, ಇನ್ನೂ ಮುಂಚೆ ಕೇಳಬೇಕಿತ್ತು. ಮೂರನೇ ವರ್ಷ ಬಹಳ ಮುಂಚೆ ಕೇಳಿದಳು. ಇಷ್ಟು ಮುಂಚೆ ಬುಕಿಂಗ್ ತೆರೆಯುವುದಿಲ್ಲ ಎಂದರು. ಪಾಯಿಂಟುಗಳು ಬಂದ ದಾರಿಯಲ್ಲೇ ಅವಧಿ ಮುಗಿದು ಸತ್ತುಹೋದವು. ವಾರ್ಷಿಕ ನಿರ್ವಹಣೆಯ ಬಿಲ್ಲು ಮಾತ್ರ ಒಂದು ವರ್ಷವೂ ತಪ್ಪದೆ ಬಂತು. ಅಷ್ಟರಲ್ಲಿ ಅಕ್ಕ ಕಾಲೇಜಿನ ಮೆಟ್ಟಿಲ ಮೇಲೆ ಜಾರಿ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಗಾಲಿಕುರ್ಚಿ ಸೇರಿ ತಂಗಿಯ ಮನೆಗೇ ಬಂದಳು. ಈಗ ಬರೀ ಸಮುದ್ರವಾದರೆ ಸಾಲದು, ನೆಲಮಹಡಿ ಬೇಕು, ಮೆಟ್ಟಿಲಿರಬಾರದು, ಬಚ್ಚಲಿನ ಬಾಗಿಲು ಅಗಲವಿರಬೇಕು.

ಕೊನೆಗೆ ಈ ವರ್ಷ, ಅವಧಿ ಮುಗಿಯದೆ ಉಳಿದಿದ್ದ ಎರಡು ವರ್ಷದ ಪಾಯಿಂಟುಗಳನ್ನು ಒಟ್ಟಿಗೆ ಎಕ್ಸ್‌ಚೇಂಜಿಗೆ ಸುರಿದ ಮೇಲೆ, ಪತ್ರ ಬಂತು. ಒಮ್ಮೆ ಹಾಕಿದ್ದನ್ನು ವಾಪಸ್ ತೆಗೆಯುವಂತಿಲ್ಲ ಎಂದು ಅದರ ತಲೆಯಲ್ಲೇ ಬರೆದಿತ್ತು. ಕೆಳಗೆ: ಏಳು ದಿನ, ನೆಲಮಹಡಿ, ಕಡಲಿಗೆ ಮುಖ ಮಾಡಿದ ಕೋಣೆ, ಗಾಲಿಕುರ್ಚಿಗೆ ಅನುಕೂಲ. ಅಕ್ಕ ಆ ಪತ್ರವನ್ನು ಎರಡು ಸಲ ಓದಿ, ತಂಗಿಯ ಕೈಗೆ ಹೊಸ ಈಜುಡುಪು ತಗೊಂಡು ಬಾ ಎಂದು ಅಳತೆ ಬರೆದ ಚೀಟಿ ಕೊಟ್ಟಳು.

ಆರು ಗಂಟೆಯ ದಾರಿ. ಗಂಡನಿಗೆ ಅಂಗಡಿ ಬಿಡುವಂತಿರಲಿಲ್ಲ, ಅಕ್ಕತಂಗಿಯರಿಬ್ಬರೇ ಹೊರಟಿದ್ದರು. ರಿಸಾರ್ಟಿನ ಗೇಟಿನಲ್ಲಿ ಕಾವಲಿನವನು ಕಾರಿನ ತಲೆಯ ಮೇಲಿದ್ದ ಡ್ರೈವಿಂಗ್ ಸ್ಕೂಲಿನ ಬೋರ್ಡು ನೋಡಿ, "ಸಾಮಾನು ಇಳಿಸೋರು ಹಿಂದಿನ ಗೇಟಿಗೆ ಹೋಗಬೇಕು" ಎಂದ. ಬ್ರೇಕ್ ಮೇಡಂ ಗಾಜಿಳಿಸಿದಳು.

"ಸಾಮಾನಲ್ಲಪ್ಪಾ, ನಾವು ಮನುಷ್ಯರು. ಗೇಟ್ ತೆಗಿ."

"ಜಗಳ ಶುರು ಮಾಡಬೇಡ ಕಣೆ" ಎಂದಳು ಅಕ್ಕ. ಅವಳ ಕಣ್ಣು ಆಗಲೇ ಕಟ್ಟಡಗಳ ಸಂದಿಯಲ್ಲಿ ಕಾಣುತ್ತಿದ್ದ ನೀಲಿಯ ಮೇಲಿತ್ತು.

ರಿಸೆಪ್ಷನ್ನಿನ ಹುಡುಗಿ ಪತ್ರ ನೋಡಿ, "ಓ, ಎಕ್ಸ್‌ಚೇಂಜಾ?" ಎಂದಳು. ಯಾವುದೋ ಅಂಟುರೋಗದ ಹೆಸರು ಹೇಳಿದ ಹಾಗಿತ್ತು ದನಿ. ಕೊಟ್ಟ ಬೀಗದಕೈ ಹಿಡಿದು ಹೋದರೆ ಹಿಂದಿನ ಬ್ಲಾಕು. ನೆಲಮಹಡಿಯೇನೋ ಹೌದು, ಬಾಗಿಲಿಗೆ ಎರಡು ಮೆಟ್ಟಿಲು. ಅಕ್ಕನನ್ನು ಕೆಳಗೇ ಬಿಟ್ಟು ಒಳಗೆ ಹೋಗಿ ಕಿಟಕಿಯ ಪರದೆ ಸರಿಸಿದಳು. ಎದುರಿಗೆ ಲಾಂಡ್ರಿ, ಸಾಲಾಗಿ ಒಣಹಾಕಿದ ಬಿಳಿ ಚಾದರಗಳು, ಗುರ್ರೆನ್ನುವ ಯಂತ್ರ. ಬಚ್ಚಲಿನ ಬಾಗಿಲ ಮುಂದೆ ನಿಂತಳು. ಯಾವ ಸಂದಿಯಲ್ಲಿ ಗಾಡಿ ತೂರುತ್ತದೆ, ಯಾವುದರಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಕಣ್ಣಳತೆಯಲ್ಲೇ ಹೇಳುವುದು ಅವಳ ಕಸುಬು. ಅಕ್ಕನ ಕುರ್ಚಿ ಅದರೊಳಗೆ ಹೋಗುವ ಮಾತೇ ಇರಲಿಲ್ಲ.

ಅವಳು ಅಲ್ಲೇ ನಿಂತು ಫೋನ್ ತೆಗೆದು, ಹೊಸ ಗಿರಾಕಿಯ ಹಾಗೆ ಅದೇ ರಿಸಾರ್ಟಿನ ಕೋಣೆ ಹುಡುಕಿದಳು. ಕಡಲಿಗೆ ಮುಖ, ನೆಲಮಹಡಿ, ಗಾಲಿಕುರ್ಚಿಗೆ ಅನುಕೂಲ: ಇವತ್ತಿಗೇ ಏಳು ಕೋಣೆ ಖಾಲಿ. ಪಿತ್ತ ನೆತ್ತಿಗೇರಿತು. ಅಕ್ಕನ ಕುರ್ಚಿ ತಳ್ಳಿಕೊಂಡು ವಾಪಸ್ ಬಂದವಳೇ ಫೋನನ್ನು ಆ ಹುಡುಗಿಯ ಮುಖಕ್ಕೆ ಹಿಡಿದಳು.

"ಏಳು ಖಾಲಿ ಇದೆ. ನಿಮ್ಮ ಪತ್ರದಲ್ಲಿ ಒಂದು ನನಗೆ ಅಂತ ಬರೆದಿದೆ. ಎಲ್ಲಿದೆ ಅದು?"

ಹುಡುಗಿ ಆಚೀಚೆ ನೋಡಿ ದನಿ ತಗ್ಗಿಸಿದಳು. "ಮೇಡಂ, ನಾನು ಹೇಳಿದೆ ಅಂತ ಹೇಳಬೇಡಿ. ಮುಂದಿನ ಕೋಣೆಗಳೆಲ್ಲ ದುಡ್ಡು ಕೊಟ್ಟು ಬರೋರಿಗೆ. ಎಕ್ಸ್‌ಚೇಂಜಿನವರಿಗೆ ಯಾವಾಗಲೂ ಹಿಂದಿನ ಬ್ಲಾಕೇ. ಪತ್ರದಲ್ಲಿ ಏನೇ ಬರೆದಿರಲಿ."

"ಯಾವಾಗಲೂ?"

"ನಾನು ಸೇರಿ ನಾಲ್ಕು ವರ್ಷ ಆಯ್ತು. ಯಾವಾಗಲೂ."

ಮ್ಯಾನೇಜರನ್ನು ಕರೆಸಿದಳು. ಬಂದವನು ನಗುನಗುತ್ತಲೇ ಬಂದ. ನಲವತ್ತರ ಆಸುಪಾಸು, ಹೊಳೆಯುವ ಬೂಟು. ಅವಳು ಕೂಗಾಡಿದ್ದನ್ನೆಲ್ಲ ತಲೆದೂಗುತ್ತ ಕೇಳಿಸಿಕೊಂಡ. ಲಾಬಿಯ ಸೋಫಾಗಳಿಂದ ಜನ ತಿರುಗಿ ನೋಡುತ್ತಿದ್ದರು. ಅಕ್ಕ ತಲೆ ತಗ್ಗಿಸಿ ಮಡಿಲಲ್ಲಿದ್ದ ಚೀಲದ ದಾರ ಬಿಚ್ಚುತ್ತ ಕಟ್ಟುತ್ತ ಕೂತಿದ್ದಳು. ಎಲ್ಲ ಮುಗಿದ ಮೇಲೆ ಅವನು ಅಕ್ಕನ ಎದುರು ಬಗ್ಗಿದ.

"ಅಮ್ಮಾ, ನಿಮಗೆ ಸಮುದ್ರ ಕಾಣೋ ಕೋಣೆ ಬೇಕು, ಅಷ್ಟೇ ತಾನೇ? ಕೊಡ್ತೀನಿ. ಏಳು ದಿನವೂ." ಜೇಬಿನಿಂದ ಬೀಗದಕೈಯ ಕಾರ್ಡು ತೆಗೆದು ತೋರಿಸಿದ. ಆಮೇಲೆ ತಂಗಿಯ ಕಡೆ ತಿರುಗಿದ. "ಒಂದು ಸಣ್ಣ ಉಪಕಾರ ಮೇಡಂ. ಪಕ್ಕದ ಹಾಲ್‌ನಲ್ಲಿ ಹೊಸಬರಿಗೆ ಸದಸ್ಯತ್ವದ ವಿಷಯ ಹೇಳ್ತಾ ಇದ್ದೀವಿ. ಹನ್ನೆರಡು ಜೋಡಿ. ನಿಮ್ಮಂಥ ಹಳೇ ಸದಸ್ಯರು ಎರಡು ಮಾತು ಹೇಳಿದ್ರೆ ನಂಬ್ತಾರೆ. ಎಕ್ಸ್‌ಚೇಂಜ್ ಮಾಡ್ಕೊಂಡು ಅಕ್ಕನಿಗೆ ಸಮುದ್ರ ತೋರಿಸೋಕೆ ಬಂದಿದ್ದೀನಿ ಅನ್ನಿ. ಸುಳ್ಳೇನೂ ಅಲ್ಲವಲ್ಲ?"

ಅವಳ ಬಾಯಿ ಕಟ್ಟಿಹೋಯಿತು. ಇಷ್ಟು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಅಕ್ಕನ ಕಡೆ ನೋಡಿದಳು. "ಏನಕ್ಕಾ ಮಾಡಲಿ?"

ಅಕ್ಕ ಕಾರ್ಡನ್ನೇ ನೋಡುತ್ತಿದ್ದಳು. "ಹೇಳಿಬಿಡೆ" ಎಂದಳು ಮೆಲ್ಲಗೆ. "ಎರಡು ಮಾತು ತಾನೇ. ನನಗೆ ನೋಡಬೇಕು."

ಹಾಲ್ ತಣ್ಣಗಿತ್ತು. ದುಂಡು ಮೇಜುಗಳ ಸುತ್ತ ಜೋಡಿ ಜೋಡಿಯಾಗಿ ಜನ, ಒಂದೊಂದು ಜೋಡಿಯ ಎದುರೂ ಒಬ್ಬ ಟೈ ಕಟ್ಟಿದವನು, ಬರೆಯಲು ತೆಗೆದಿಟ್ಟ ಪೆನ್ನು. ಮುಂದಿನ ಮೇಜಿನಲ್ಲಿ ಒಬ್ಬ ಗಂಡ ಎದ್ದು ಹೋಗಲು ನೋಡುತ್ತಿದ್ದ. ಹೆಂಡತಿ ಅವನ ಅಂಗಿ ಹಿಡಿದು ಕೂರಿಸುತ್ತಿದ್ದಳು. ಮ್ಯಾನೇಜರು, "ನಮ್ಮ ಕುಟುಂಬದ ಹಿರಿಯ ಸದಸ್ಯರು" ಎಂದು ಪರಿಚಯಿಸಿ ಅವಳ ಕೈಗೆ ಮೈಕು ಕೊಟ್ಟ. ಅಕ್ಕ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ತಂಗಿಗೆ ಧೈರ್ಯ ಹೇಳುವಂತೆ ನಕ್ಕಳು.

ಹೇಳಿಬಿಡಬೇಕೆಂದೇ ಅವಳು ಬಾಯಿ ತೆರೆದದ್ದು. "ನಾನು ಎಕ್ಸ್‌ಚೇಂಜ್ ಮಾಡ್ಕೊಂಡು ಬಂದಿದ್ದೀನಿ" ಎಂದಳು. "ನಮ್ಮಕ್ಕನಿಗೆ ಸಮುದ್ರ ತೋರಿಸೋಕೆ." ಯಾರೋ ಚಪ್ಪಾಳೆ ತಟ್ಟಿದರು. ಮುಂದಿನ ಮೇಜಿನ ಹೆಂಡತಿ ಗಂಡನಿಗೆ ಮೊಣಕೈಯಿಂದ ತಿವಿದು, ನೋಡಿದೆಯಾ ಎಂಬಂತೆ ಕಣ್ಣರಳಿಸಿ ಪೆನ್ನು ಎತ್ತಿಕೊಂಡಳು.

ಆ ಪೆನ್ನು ಕಂಡದ್ದೇ ತಡ, ಅವಳ ಮೈಯೆಲ್ಲ ಉರಿದುಹೋಯಿತು.

"ಪೆನ್ನು ಕೆಳಗಿಡಮ್ಮಾ!" ಎಂದು ಕಿರುಚಿದಳು, ರಸ್ತೆಯ ಮಧ್ಯೆ ಕಿರುಚುವ ಅದೇ ದನಿಯಲ್ಲಿ. ಮೈಕು ಕೀಂಯೆಂದಿತು. "ನಾನೂ ಹೀಗೇ ಕೂತಿದ್ದೆ, ಹೀಗೇ ಗಂಡನ ಅಂಗಿ ಎಳೆದಿದ್ದೆ. ಆರು ವರ್ಷ ಆಯ್ತು. ಪಾಯಿಂಟ್ಸ್ ಕೊಡ್ತಾರೆ, ಕೋಣೆ ಕೊಡಲ್ಲ. ಕೊಟ್ಟರೆ ಲಾಂಡ್ರಿ ಎದುರಿಗೆ ಕೊಡ್ತಾರೆ. ಸಮುದ್ರದ ಕಡೆ ಏಳು ಕೋಣೆ ಈಗಲೂ ಖಾಲಿ ಬಿದ್ದಿವೆ, ಬೇಕಾದ್ರೆ ಫೋನಲ್ಲಿ ನೋಡ್ಕೊಳಿ. ಅದರಲ್ಲಿ ಒಂದನ್ನ ನಮಗೆ ಕೊಡಬೇಕು ಅಂದ್ರೆ ನಾನು ನಿಮಗೆ ಟೋಪಿ ಹಾಕಬೇಕಂತೆ. ಇವನೇ ಹೇಳಿದ್ದು, ಈ ಬೂಟಿನವನು, ಈಗ ಐದು ನಿಮಿಷದ ಹಿಂದೆ..."

ಯಾರೋ ಮೈಕಿನ ವೈರು ಕಿತ್ತರು. ಅವಳಿಗೆ ಮೈಕಿನ ಹಂಗೇನೂ ಇರಲಿಲ್ಲ, ಇನ್ನೂ ಎರಡು ನಿಮಿಷ ಹೇಳಿದಳು. ನಾಲ್ಕು ಜೋಡಿ ಎದ್ದು ಹೊರಟವು. ಮಿಕ್ಕವರು ಎದ್ದುಹೋಗಲು ಸಂಕೋಚಪಟ್ಟು ಮೇಜು ನೋಡುತ್ತ ಕೂತರು. ಮ್ಯಾನೇಜರಿನ ನಗು ಎಲ್ಲಿ ಹೋಯಿತೋ. ಕಾರ್ಡನ್ನು ಜೇಬಿಗೆ ಹಾಕಿಕೊಂಡು, "ಹಿಂದಿನ ಬ್ಲಾಕು ನಿಮ್ಮದೇ ಮೇಡಂ, ಸುಖವಾಗಿರಿ" ಎಂದ.

ಬಾಗಿಲ ಬಳಿ ಕುರ್ಚಿ ಇರಲಿಲ್ಲ. ಅಕ್ಕ ತಾನೇ ಗಾಲಿ ತಿರುಗಿಸಿಕೊಂಡು ಕಾರಿನ ತನಕ ಹೋಗಿ, ಬಾಗಿಲ ಹಿಡಿ ಹಿಡಿದು ಕೂತಿದ್ದಳು. ಎತ್ತಿ ಕೂರಿಸುವಾಗ ತಂಗಿಯ ಕತ್ತಿಗೆ ಕೈ ಹಾಕಲಿಲ್ಲ, ಸೀಟಿನ ಅಂಚು ಹಿಡಿದಳು.

"ಅಕ್ಕಾ, ಅವನು ನಿನ್ನನ್ನ ತೋರಿಸಿ ನನ್ನ ಹತ್ರ ಸುಳ್ಳು..."

"ಗೊತ್ತು. ನನಗೇನು ಕಿವಿ ಕೆಟ್ಟಿದೆಯಾ? ಕಾಲು ತಾನೇ ಕೆಟ್ಟಿರೋದು." ಅಕ್ಕ ಸೀಟ್ ಬೆಲ್ಟ್ ಎಳೆದು ಹಾಕಿಕೊಂಡಳು. "ಹನ್ನೆರಡು ಜೋಡಿ ಯಾರೋ ಏನೋ, ಅವರ ಮೇಲೆ ನಿನಗೆ ಕರುಣೆ ಬಂತು. ನಾನು ನಿನ್ನ ಸ್ವಂತ ಅಕ್ಕ. ನಿನಗೆ ನಿನ್ನ ಸಿಟ್ಟು ದೊಡ್ಡದು, ನಾನಲ್ಲ."

ತಂಗಿ ಕಾರು ಹೊರಡಿಸಿದಳು. ಗೇಟು ದಾಟಿ ಕಡಲ ಪಕ್ಕದ ರಸ್ತೆ ಹಿಡಿದಳು. ಉದ್ದಕ್ಕೂ ಹೋಟೆಲುಗಳ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು. ಐದಾರು ಮೈಲಿಯಾಚೆ ಗೋಡೆ ಮುಗಿದು, ದೋಣಿಗಳನ್ನು ನೀರಿಗಿಳಿಸುವ ಸಿಮೆಂಟಿನ ಇಳಿಜಾರು ಕಂಡಿತು. ಪಾಚಿ ಹಿಡಿದ ಕಡಿದಾದ ಇಳಿಜಾರು. ಕಲಿಯುವವರಾಗಿದ್ದರೆ ಅಲ್ಲಿಗೆ ಗಾಡಿ ಇಳಿಸಲು ಅವಳೇ ಬಿಡುತ್ತಿರಲಿಲ್ಲ. ಕಾರು ತಿರುಗಿಸಿ, ರಿವರ್ಸ್ ಹಾಕಿ, ಅರ್ಧ ಕ್ಲಚ್ಚಿನಲ್ಲಿ ಗೇಣು ಗೇಣು ಇಳಿದು, ಅಲೆಯ ನೊರೆ ಹಿಂದಿನ ಚಕ್ರ ಮುಟ್ಟುವಲ್ಲಿ ಹ್ಯಾಂಡ್‌ಬ್ರೇಕ್ ಎಳೆದಳು. ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಸೀಟಿನಲ್ಲಿದ್ದ ಅಕ್ಕನ ಬಾಗಿಲು ತೆಗೆದು, ಅವಳ ಕಾಲುಗಳನ್ನು ನೆಲಕ್ಕಿಳಿಸಿ, ಸಮುದ್ರದ ಕಡೆ ತಿರುಗಿಸಿ ಕೂರಿಸಿದಳು.

ಅಕ್ಕ ನೋಡಿದಳು. ಅಲೆ ಬಂದು ಅವಳ ಪಾದಗಳ ಮೇಲೆ ಹಾಯಿತು. ಅದರ ತಂಪು ಅವಳಿಗೆ ತಿಳಿಯುವಂತಿರಲಿಲ್ಲ. ಬಗ್ಗಿ ಕೈಯಿಂದ ಮುಟ್ಟಿ ನೋಡಿದಳು. ಆಮೇಲೆ ದೋಣಿಯವರು ಬಂದು ದಾರಿ ಬಿಡಿ ಎಂದರು. ಕಾರು ಮೇಲೇರಿಸುವಾಗ ಅಕ್ಕ ಹೇಳಿದ್ದು ಒಂದೇ ಮಾತು: "ಒಂದು ವಾರ ಹಾಸಿಗೆಯಿಂದಲೇ ನೋಡಬಹುದಿತ್ತು."

ಅವತ್ತೇ ಊರಿಗೆ ಹೊರಟರು. ಎರಡು ವಾರದ ಮೇಲೆ ಕ್ಲಬ್ಬಿನ ಕಾಗದ ಬಂತು: ದುರ್ವರ್ತನೆಯ ಕಾರಣ ಸದಸ್ಯತ್ವ ಅಮಾನತು, ಪಾಯಿಂಟುಗಳು ರದ್ದು. ನಿರ್ವಹಣೆಯ ಶುಲ್ಕ ಮಾತ್ರ ರದ್ದಾಗಿರಲಿಲ್ಲ. ಬ್ರೇಕ್ ಮೇಡಂ ಅದನ್ನು ಗಂಡನಿಗೆ ಓದಿ ಹೇಳುತ್ತ ಅಡುಗೆಮನೆಯಲ್ಲಿ ಎಗರಾಡುತ್ತಿದ್ದಾಗ ಅಕ್ಕ ಕುರ್ಚಿ ಉರುಳಿಸಿಕೊಂಡು ಬಂದಳು. ವಾಪಸ್ ಊರಿಗೆ ಬಂದಾಗಿನಿಂದ ಅವಳು ತಂಗಿಯೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು.

"ಕೊಡು ಇಲ್ಲಿ" ಎಂದು ಕಾಗದ ಕಿತ್ತುಕೊಂಡು ಓದಿದಳು. ಓದುತ್ತ ಓದುತ್ತ ಮುಖ ಕೆಂಪೇರಿತು. "ದುರ್ವರ್ತನೆಯಂತೆ! ನನ್ನ ಮೂಗಿನ ಮುಂದೆ ಬೀಗದಕೈ ಆಡಿಸಿದನಲ್ಲ, ಅದೇನು ಸದ್ವರ್ತನೆಯಾ? ಪೆನ್ನು ತಾ. ಗ್ರಾಹಕರ ಕೋರ್ಟಿಗೆ ನಾನು ಬರೀತೀನಿ. ಕುರ್ಚಿಯಲ್ಲಿ ಕೂತಿದ್ದವಳು ನಾನು, ದೂರು ನನ್ನದು."

ನಾಲ್ಕು ಪುಟ ಬರೆದಳು. ಒಂದು ಕಡೆಯೂ ಚಿತ್ತಿಲ್ಲ. ತಂಗಿ ಪಕ್ಕದಲ್ಲಿ ಕೂತು ದಿನಾಂಕಗಳನ್ನು ಹೇಳುತ್ತ ಹೋದಳು. ಮುಗಿಸಿ ಸಹಿ ಹಾಕಿದ ಮೇಲೆ ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು.

"ನಿನ್ನ ಮೇಲಿನ ಸಿಟ್ಟು ಹೋಗಿದೆ ಅಂದ್ಕೋಬೇಡ. ಅವತ್ತು ನನ್ನನ್ನ ಕೇಳಬೇಕಿತ್ತು ನೀನು."

"ಕೇಳಿದೆನಲ್ಲ ಅಕ್ಕಾ."

"ಕೇಳಿದೆ. ಕೇಳಿಸಿಕೊಳ್ಳಲಿಲ್ಲ."

ಹೊರಗೆ ನಾಲ್ಕು ಗಂಟೆಯ ಪಾಠಕ್ಕೆ ಬಂದ ಹೊಸ ಗಿರಾಕಿ ಎರಡನೇ ಸಲ ಹಾರ್ನ್ ಒತ್ತಿದ. ತಂಗಿ ಏಳಲಿಲ್ಲ, ಅಕ್ಕ ಮಡಿಸಿದ ಕಾಗದವನ್ನು ಇಸಿದುಕೊಂಡು ಕವರಿಗೆ ಹಾಕಿ, ಅಂಟು ಒದ್ದೆ ಮಾಡಿ, ಹೆಬ್ಬೆರಳಿಂದ ಅದುಮಿ ಹಿಡಿದು ಕೂತಳು.