ನುಂಗಿಕೊಂಡಿದ್ದ ಒಗಟು

ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅಂಜಿನಮ್ಮನ ಹೆಬ್ಬೆರಳನ್ನು ಫೋನು ಏಳನೇ ಸಲ ಬೇಡವೆಂದಿತು. ಇನ್ನೇನು ಮಾಡೀತು ಪಾಪ? ಮೂವತ್ತು ವರ್ಷ ಬಿಸಿನೀರಿನಲ್ಲಿ ಗೂಡು ಕಲಕಿ ನೂಲು ತೆಗೆದ ಬೆರಳು. ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಫೋನಿನಲ್ಲೇ ಬೆಲೆ ಹಾಕುವ ಹರಾಜಿಗೆ ಇನ್ನು ಅರ್ಧ ಗಂಟೆಯಿತ್ತು.

ಗೂಡು ಕೊಳ್ಳುವ ಲೈಸೆನ್ಸು ಅವಳ ಹೆಸರಿನಲ್ಲೇ ಇದ್ದರೂ ಇಷ್ಟು ದಿನ ಹರಾಜಿನಲ್ಲಿ ಗೂಡು ಹಿಡಿಯುತ್ತಿದ್ದವರು ಭಾವ ವೆಂಕಟರಾಯಪ್ಪ. ಅಗ್ಗದ್ದು ಕಂಡರೆ ಅವರಿಗೆ ಪ್ರಾಣ. ಆ ಗೂಡಿನ ಎಳೆ ಗಳಿಗೆಗೊಮ್ಮೆ ಕಡಿಯುತ್ತಿತ್ತು. ಕಟ್ಟಿ ಕಟ್ಟಿ ಸಾಕಾಗುತ್ತಿದ್ದುದು ಇವಳಿಗೆ. ಈ ಸಲ ತಾನೇ ಹಿಡಿಯುತ್ತೇನೆಂದು ಮನೆಮಂದಿಯೆದುರು ಹೇಳಿ ಬಂದಿದ್ದಳು.

"ಬಿಡಮ್ಮ, ನನ್ನ ಬೆರಳೇ ಒತ್ತುತೀನಿ," ಎಂದು ಭಾವ ಆಗಲೇ ಕೈ ಚಾಚಿದ್ದರು.

ಸೊಸೆ ಮಮತ ಫೋನು ಕಿತ್ತುಕೊಂಡಳು. ಬೆರಳು ಆಗದಿದ್ದರೆ ಪಾಸ್‌ವರ್ಡ್ ಇದೆ. ಉದ್ದ ಇರಬೇಕು, ಬೇರೆ ಯಾರಿಗೂ ಗೊತ್ತಿರಬಾರದು, ತನಗೂ ಹೇಳಬಾರದು ಎಂದಳು. ಅಂಜಿನಮ್ಮ ಮನೆದೇವರ ಹೆಸರು ಹಾಕಿದಳು. ಫೋನು ದುರ್ಬಲ ಎಂದಿತು. ಗಲ್ಲ ಬಡಿದುಕೊಂಡು ಅಳಿಸಿದಳು. ಮಗನ ಹೆಸರು, ಮದುವೆಯ ದಿನ, ಎಮ್ಮೆಯ ಹೆಸರು ಎಲ್ಲವೂ ಬೀದಿಗೇ ಗೊತ್ತು. ತುಂಬಿದ ಮನೆಯಲ್ಲಿ ಬಾಳಿದವಳ ಹತ್ತಿರ ಗುಟ್ಟು ಎಲ್ಲಿಂದ ಬರಬೇಕು?

ಒಂದಿತ್ತು. ಮದುವೆಯಾಗಿ ಬಂದ ದಿನ ಹೆಂಗಸರು ಹೊಸ್ತಿಲಲ್ಲಿ ಅಡ್ಡಗಟ್ಟಿ, ಒಗಟು ಹೇಳಿ ಅದರಲ್ಲಿ ಗಂಡನ ಹೆಸರು ಸೇರಿಸಿದರೇ ಒಳಗೆ ಬಿಡುವುದು ಎಂದಿದ್ದರು. ವಾರವಿಡೀ ಕೂತು ನಾಲ್ಕು ಸಾಲು ಕಟ್ಟಿಕೊಂಡು ಬಂದಿದ್ದಳು. ಅಷ್ಟು ಜನರನ್ನು ಕಂಡು ನಾಚಿಕೆಯಾಗಿ, ಬರೀ ಹೆಸರನ್ನು ಉಸುರಿ ಒಳಗೆ ಓಡಿದ್ದಳು. ಆ ಸಾಲುಗಳು ಹೊಟ್ಟೆಯಲ್ಲೇ ಉಳಿದುಬಿಟ್ಟಿದ್ದವು.

ಮಮತ ಕಂಬದ ಕಡೆ ಮುಖ ತಿರುಗಿಸಿ ನಿಂತಳು. ಅಂಜಿನಮ್ಮ ಒಂದೊಂದೇ ಅಕ್ಷರ ಒತ್ತಿದಳು. ಬಲಿಷ್ಠ ಎಂದಿತು ಫೋನು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಗೂಡಿನ ರಾಶಿಗಳ ನಡುವೆ ಹೋಗಿ, ಒಂದೊಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳಿ, ಮೆಚ್ಚಿದ ರಾಶಿಗೆ ತಾನೇ ಬೆಲೆ ಹಾಕಿ ಗೆದ್ದಳು. ಭಾವ ಮೂಟೆ ಹೊರಿಸಲು ಹೋದರು.

ಮರುದಿನ ನೂಲು ಸರಾಗವಾಗಿ ಓಡುತ್ತಿತ್ತು. ಫೋನಿನಲ್ಲಿ ಅದೇನು ಒತ್ತಿದೆ ಎಂದು ಗಂಡ ಕೆಂಪರಾಜು ಕೇಳಿದ.

"ಅದ್ರಲ್ಲಿ ನಿಮ್ಮೆಸ್ರೂ ಐತೆ. ಇನ್ನೇನೂ ಕೇಳ್ಬೇಡಿ," ಎಂದಳು.

ಅಷ್ಟೂ ಹೇಳಬಾರದಿತ್ತು ಅತ್ತೆ ಎಂದು ಮಮತ ಗದರಿದಳು. ಕೆಂಪರಾಜು ಮಾತ್ರ ದಿನವಿಡೀ ಏನಾದರೊಂದು ನೆಪ ಹುಡುಕಿಕೊಂಡು ಹೆಂಡತಿಯ ಪಕ್ಕದಲ್ಲೇ ಸುಳಿದಾಡಿದ. ಅಂಜಿನಮ್ಮ ಬಾಯಿ ಬಿಡಲಿಲ್ಲ. ಎಳೆಯೂ ಕಡಿಯಲಿಲ್ಲ.