ಲೂರ್ದಮ್ಮನ ಮೈಕು

ಇನ್ನಾಸಪ್ಪ ವಾರದ ದಿನಗಳಲ್ಲಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ಭಾನುವಾರ ಬಾಗಲಗುಂಟೆಯ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಗಾಯನ ತಂಡದ ಹೊಣೆಯೂ ಅವನದೇ. ಶನಿವಾರ ಓವರ್‌ಟೈಮ್ ಬಿದ್ದರೆ ಅಭ್ಯಾಸ ತಪ್ಪುತ್ತಿತ್ತು, ಹಾಡು ಕೆಟ್ಟರೆ ಮಾತು ಅವನ ಮೇಲೆ ಬರುತ್ತಿತ್ತು.

ತಂಡದಲ್ಲಿ ಎಲ್ಲರಿಗಿಂತ ಹಿರಿಯಳು ಲೂರ್ದಮ್ಮ. ಗಾರ್ಮೆಂಟ್ಸ್‌ನಲ್ಲಿ ಹೊಲಿದು ಹೊಲಿದು ನಿವೃತ್ತಳಾದವಳು. ಚರ್ಚು ಇನ್ನೂ ಶೀಟ್ ಹೊದಿಸಿದ ಶೆಡ್ಡಾಗಿದ್ದ ಕಾಲದಿಂದ ಭಾನುವಾರದ ಬಲಿಪೂಜೆಯಲ್ಲಿ ಕೀರ್ತನೆ ಹಾಡುವ ಪಾಲು ಅವಳದು. ಇನ್ನಾಸಪ್ಪನಿಗೆ ಸ್ವರ ಹಿಡಿಯಲು ಕಲಿಸಿದವಳೂ ಅವಳೇ. ಈಚೆಗೆ ಅವಳ ಗಂಟಲು ಮೇಲಿನ ಸ್ವರಕ್ಕೆ ಏರುತ್ತಿರಲಿಲ್ಲ. ಪೂಜೆ ಯೂಟ್ಯೂಬಿನಲ್ಲಿ ಬರತೊಡಗಿದ ಮೇಲೆ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಕೊಂಕು ಶುರುವಾಯಿತು.

“ನೀವೇ ಏನಾದ್ರೂ ಮಾಡಿ ಇನ್ನಾಸಪ್ಪ. ಅವರ ಮನಸ್ಸು ಮಾತ್ರ ನೋಯಬಾರ್ದು,” ಎಂದರು ಫಾದರ್.

ಅವಳಿಗೆ ಹೇಳುವ ಧೈರ್ಯ ಅವನಿಗಾಗಲಿಲ್ಲ. ಮೈಕುಗಳ ದನಿ ಏರಿಸಿ ಇಳಿಸುವ ಮಿಕ್ಸರ್ ಕೈಗೆಟುಕುವಲ್ಲೇ ಇತ್ತು. ಕೀರ್ತನೆ ಶುರುವಾಗುತ್ತಲೇ ಲೂರ್ದಮ್ಮನ ಮೈಕನ್ನು ಪೂರ್ತಿ ಇಳಿಸಿ, ಜೊತೆಗೆ ಹಾಡುವ ಸವಿತಾಳ ಮೈಕನ್ನು ಏರಿಸಿದ. ಹಾಡು ಚೊಕ್ಕವಾಗಿ ಬಂತು. ಗುಂಪಿನಲ್ಲಿ ಹೊಗಳಿಕೆ ಬಂದಾಗ ಅವನಿಗೆ ಹಿತವೂ ಆಯಿತು. ಮುಂದೆ ಅದೇ ರೂಢಿಯಾಯಿತು. ಸ್ಪೀಕರಿನಲ್ಲಿ ತನ್ನ ದನಿಯೂ ಇದೆಯೆಂದೇ ನಂಬಿ ಲೂರ್ದಮ್ಮ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಅವನು ಆ ಕಡೆ ನೋಡುವುದನ್ನೇ ಬಿಟ್ಟ.

ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅವಳು ಹತ್ತಿರ ಬಂದಳು.

“ಇನ್ನಾಸಿ, ಮಾರತ್ತಹಳ್ಳಿಯಿಂದ ಮಗಳು ಫೋನ್ ಮಾಡಿದ್ಲು. ಯೂಟ್ಯೂಬಲ್ಲಿ ನನ್ ಬಾಯಿ ಆಡೋದು ಕಾಣ್ತದಂತೆ, ದನಿ ಬರಲ್ವಂತೆ. ಮೈಕ್ ಕೆಟ್ಟಿದ್ಯಾ?”

“ಹೂಂ ಆಂಟಿ, ವೈರ್ ಲೂಸಾಗಿದೆ. ಸರಿ ಮಾಡಿಸ್ತೀನಿ.”

“ಪಾಪ, ನೀನೊಬ್ನೇ ಏನೇನು ಅಂತ ನೋಡ್ಕೋತೀಯ,” ಎಂದು ಬೆನ್ನು ಸವರಿ ಹೋದಳು.

ಆ ಕೈ ವಾರವಿಡೀ ಅವನ ಬೆನ್ನ ಮೇಲೆಯೇ ಇದ್ದಂತಿತ್ತು. ಲೇತಿನ ಮುಂದೆ ನಿಂತಿದ್ದಾಗ ಇನ್ನೊಂದು ಹೊಳೆದು ಮತ್ತಷ್ಟು ಕುಗ್ಗಿದ. ಹಾಡಿನ ಶ್ರುತಿಯನ್ನು ಸ್ವಲ್ಪ ಇಳಿಸಿದ್ದರೆ ಅವಳಿಗೆ ಎಟುಕುತ್ತಿತ್ತು. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತುವಷ್ಟೇ ಕೆಲಸ. ಅದನ್ನು ಅವನು ಯೋಚಿಸಿಯೇ ಇರಲಿಲ್ಲ.

ಶನಿವಾರ ಓವರ್‌ಟೈಮ್ ಬಿಟ್ಟು ಅವಳ ಮನೆಗೆ ಹೋದ. ಬಾಗಿಲಲ್ಲೇ ನಿಂತು, ಮೈಕ್ ಕೆಟ್ಟಿರಲಿಲ್ಲ, ತಾನೇ ಇಳಿಸುತ್ತಿದ್ದೆ ಎಂದು ಹೇಳಿಬಿಟ್ಟ.

ಸೊಪ್ಪು ಬಿಡಿಸುತ್ತಿದ್ದ ಲೂರ್ದಮ್ಮನ ಕೈ ನಿಂತಿತು.

“ನಿಮ್ಮಂಕಲ್ ವರ್ಷದ ಪೂಜೆ ದಿನಾನೂವಾ?”

ಗಂಡ ಸತ್ತು ವರ್ಷ ತುಂಬಿದ ಆ ಭಾನುವಾರ ಅವಳು ಬಿಳಿ ಸೀರೆಯುಟ್ಟು ಬಂದು ಹಾಡಿದ್ದಳು.

“ಅವತ್ತೂ, ಆಂಟಿ.”

“ಹೇಳಿದ್ರೆ ನಾನೇ ಬಿಡ್ತಿದ್ದೆ. ಅವತ್ತೊಂದಿನ ಹಾಡಿ ಬಿಟ್ಬಿಡ್ತಿದ್ದೆ.”

ಅವಳು ಬೈಯಲಿಲ್ಲ. ಒಳಗೆ ಬಾ ಎನ್ನಲೂ ಇಲ್ಲ.

ಮರುದಿನ ಅವಳು ತಂಡದ ಕಡೆ ಬಾರದೆ ಜನರ ನಡುವೆ ಬೆಂಚಿನಲ್ಲಿ ಕುಳಿತಳು. ಇನ್ನಾಸಪ್ಪ ಹೋಗಿ ಕರೆದ. “ಬನ್ನಿ ಆಂಟಿ, ಶ್ರುತಿ ಇಳಿಸಿದ್ದೀನಿ.”

“ಬೇಡ ಕಣಪ್ಪ. ನೀನು ಹೋಗಿ ನುಡಿಸು.”

ಇಳಿಸಿದ ಶ್ರುತಿಯಲ್ಲೇ ಅವನು ನುಡಿಸಿದ, ಸವಿತಾ ಹಾಡಿದಳು. ಪಲ್ಲವಿಗೆ ಜನ ದನಿಗೂಡಿಸಿದಾಗ ಲೂರ್ದಮ್ಮನ ತುಟಿಗಳೂ ಆಡಿದವು. ಅಷ್ಟು ದನಿಗಳಲ್ಲಿ ಅವಳದನ್ನು ಹುಡುಕಲು ಕಿವಿಗೊಟ್ಟ ಇನ್ನಾಸಪ್ಪ ಒಂದು ಸ್ವರ ತಪ್ಪಿ ನುಡಿಸಿದ.