ಹೊರೆ ಎಸೆದು ಓಡಿದವನು

“ಟೀವಿ ಮುಂದ ಎಮ್ಮಿಗತೆ ನಿಂತಿಯಲ್ಲ ಬೋಸುಡಿ, ಸರಿ ಅತ್ಲಾಗ.”

ಮನೆಯೊಡತಿ ಗಿರಿಜಾದೇವಿ ಬೈದದ್ದೇ ಶಿವಕ್ಕ ಬಜ್ಜಿಯ ತಟ್ಟೆ ಹಿಡಿದುಕೊಂಡೇ ಗೋಡೆಗೆ ಅಂಟಿ ನೆಲಕ್ಕೆ ಕೂತಳು. ವಿಜಯಪುರದ ಕಡೆಯಿಂದ ಅವಳನ್ನು ಮನೆಗೆಲಸಕ್ಕೆ ಕರೆತಂದ ಕಲ್ಲಯ್ಯನವರ ವಿಲಾಯತಿಯ ಸ್ಟ್ಯಾನ್ಮೋರ್ ಮನೆಯಲ್ಲಿ ಸೋಫಾ ಅವಳಿಗಲ್ಲ. ಅವಳ ಚಹದ ಲೋಟವೂ ಗ್ಯಾರೇಜಿನಲ್ಲಿ, ಬಣ್ಣದ ಡಬ್ಬಿಗಳ ಪಕ್ಕ. ಪಾಸ್‌ಪೋರ್ಟ್ ಧಣಿಯ ಕಪಾಟಿನಲ್ಲಿ. ಇವತ್ತು ಮಧ್ಯಾಹ್ನ ಟ್ಯೂಬ್ ರೈಲಿನ ಸ್ಟೇಷನ್ ಬಾಗಿಲಲ್ಲಿ ಕಾಯುತ್ತೇನೆ, ಉಟ್ಟ ಸೀರೆಯಲ್ಲೇ ಬಂದುಬಿಡು ಎಂದು ಗುಡಿಯಲ್ಲಿ ಸಿಕ್ಕ ಸೌಜನ್ಯಾ ಕಿವಿಯಲ್ಲಿ ಹೇಳಿದ್ದಳು.

ಟೀವಿಯಲ್ಲಿ ಹಳೆಯ ಇಂಗ್ಲಿಷ್ ಸಿನಿಮಾ. ಆಫ್ರಿಕಾದ ಕಾಡು. ಗಟ್ಟಿ ಟೋಪಿಯ ಬಿಳಿ ಸಾಹೇಬ ಮುಂದೆ. ಅವನ ಪೆಟ್ಟಿಗೆ, ಡೇರೆ, ಸ್ನಾನದ ತೊಟ್ಟಿಯನ್ನೂ ತಲೆಯ ಮೇಲೆ ಹೊತ್ತ ಕರಿಯಾಳುಗಳ ಸಾಲು ಹಿಂದೆ. ಅವರಲ್ಲಿ ಒಬ್ಬನಿಗೂ ಮಾತಿಲ್ಲ.

“ಶಿವಕ್ಕ, ನೀನೂ ಊರಲ್ಲಿ ಹಿಂಗೇ ಹೊರ್ತಿದ್ಯಾ?” ಬೆಂಗಳೂರಿನ ಅತಿಥಿ ಅಶ್ವತ್ಥನಾರಾಯಣ ಬಜ್ಜಿ ಮುರಿಯುತ್ತ ಕೇಳಿದರು.

“ಹೂನ್ರಿ.”

“ಇವಳನ್ನ ಆ ಸಾಲಲ್ಲಿ ನಿಲ್ಸಿದ್ರೆ ಗೊತ್ತೇ ಆಗಲ್ಲ ಬಿಡಿ.”

ಎಲ್ಲರೂ ನಕ್ಕರು. ನಗದಿದ್ದರೆ ತಪ್ಪಾದೀತೆಂದು ಶಿವಕ್ಕನೂ ನಕ್ಕಳು.

ಅಷ್ಟರಲ್ಲಿ ಸಾಲಿನಲ್ಲೊಬ್ಬ ಹೊರೆ ಎಸೆದು ಓಡಿದ. ಸಾಹೇಬ ಮಂಡಿಯೂರಿ ಬಂದೂಕು ಎತ್ತಿದ. ಓಡುವವನ ಬೆನ್ನಷ್ಟೇ ಕಂಡಿತು. ಗುಂಡು ತಾಗಿ ಹುಲ್ಲಿನೊಳಗೆ ಬಿದ್ದ. ಸಿನಿಮಾ ಅವನನ್ನು ಅಲ್ಲೇ ಬಿಟ್ಟು, ಎಸೆದ ಪೆಟ್ಟಿಗೆ ಒಡೆದಿದೆಯೇ ಎಂದು ನೋಡಲು ಹೋಯಿತು.

“ಏನ್ ಗುರಿ ರೀ. ಬ್ರಿಟಿಷ್ರು ಇಲ್ದಿದ್ರೆ ಇವಕ್ಕೆ ಶಿಸ್ತು ಯಾರ್ ಕಲಿಸ್ತಿದ್ರು?” ಎಂದರು ಅಶ್ವತ್ಥನಾರಾಯಣ.

ಶಿವಕ್ಕನಿಗೆ ಬಾಯಿ ತಡೆಯಲಾಗಲಿಲ್ಲ. “ಧಣ್ಯಾರ, ಆ ಓಡಿದಾಂವ... ಸತ್ತನೇನ್ರಿ?”

“ಸತ್ರ ನಿನಗೇನ ಸೂತಕ ಬರತೈತೇನ?” ಕಲ್ಲಯ್ಯ ತಿರುಗಿಯೂ ನೋಡಲಿಲ್ಲ. “ಅಣ್ಣ ಆಗಬೇಕೇನ ನಿನಗ? ಏಳ, ಸಾಹೇಬ್ರಿಗೆ ಚಾ ತಾ.”

ಅಡುಗೆಮನೆಯಲ್ಲಿ ಅವಳು ಚಹಕ್ಕೆ ನೀರಿಟ್ಟಳು. ನೀರು ಕುದಿಯುವ ಮೊದಲೇ ಮುಂಬಾಗಿಲು ತೆರೆದು ಬರಿಗಾಲಲ್ಲಿ ಹೊರಬಿದ್ದಳು. ಓಡಲಿಲ್ಲ. ಆ ಮನೆಗೆ ಬೆನ್ನು ಕೊಡುವ ಧೈರ್ಯ ಬರಲಿಲ್ಲ. ಮುಖವನ್ನು ಮನೆಯ ಕಡೆಗೇ ಇಟ್ಟು, ನಿಂತ ಕಾರಿನ ಮೇಲೆ ಕೈಯಾಡಿಸಿಕೊಂಡು, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಗೇಟಿನತ್ತ ಸರಿದಳು.

“ಎಲ್ಲಿ ಸತ್ತಿ? ಚಾ ಎಲ್ಲೈತಿ?” ಒಳಗಿನಿಂದ ಗಿರಿಜಾದೇವಿಯ ದನಿ.

ಕಿಟಕಿಯ ಪರದೆ ಸರಿಯಿತು. ಗಾಜಿನಾಚೆ ಕಲ್ಲಯ್ಯನ ಕೈ ಮೇಲೆದ್ದಿತು. ಅದರಲ್ಲಿದ್ದುದು ಮೊಬೈಲೋ ಮತ್ತೇನೋ, ಬಿಸಿಲ ಹೊಳಪಿಗೆ ಕಾಣಲಿಲ್ಲ. ಅವಳು ಅವನ ಮುಖದಿಂದ ಕಣ್ಣು ಕೀಳದೆ, ಬೆನ್ನ ಹಿಂದೆ ಗೇಟಿನ ಅಗುಳಿ ತಡಕತೊಡಗಿದಳು.